ಫಾರ್ಮ್ಯಾಟ್ ಹೊಡೆಯೋಣ್ರಿ ಅನ್ನದ ಒಂದು ರಿಪೇರಿ ಅಂಗಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೇನೂ ಬರವಿಲ್ಲ. ಕೊಪ್ಪಿಕರ ರಸ್ತೆಯಲ್ಲಿ ತಲೆ ಎತ್ತಿದರೆ ಬೋರ್ಡು, ವಿದ್ಯಾನಗರದಲ್ಲಿ ಕಾಲೇಜುಗಳ ಸುತ್ತ ಬೋರ್ಡು, ಇನ್ನು ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಹುಡುಗರ ರೂಮುಗಳ ನಡುವೆ ಜೆರಾಕ್ಸ್ ಅಂಗಡಿಯವರೇ ಲ್ಯಾಪ್‌ಟಾಪ್ ಕೂಡ ಬಿಚ್ಚುತ್ತಾರೆ. ಕಷ್ಟ ಇರುವುದು ಇಷ್ಟು ಜನರಲ್ಲಿ ಯಾರ ಕೈಗೆ ಯಂತ್ರ ಕೊಟ್ಟು ಮನೆಗೆ ಬಂದು ನೆಮ್ಮದಿಯಾಗಿ ಊಟ ಮಾಡಬಹುದು ಅನ್ನುವುದರಲ್ಲಿ. ನಮಗೆ ಅಂಥವರೊಬ್ಬರು ಸಿಕ್ಕಿದ್ದಾರೆ. ಅವರ ಬಗ್ಗೆ ಬರೆಯುತ್ತೇನೆ, ಅವರಿಗಿಂತ ಮೊದಲು ಕಂಡವರ ಬಗ್ಗೆಯೂ ಒಂದಿಷ್ಟು.

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಹಾಕುವುದಿಲ್ಲ. ಬರೀಲೇನ್ರಿ ಅಂತ ಕೇಳಿದ್ದಕ್ಕೆ ಅವರೇ ಬೇಡ ಅಂದರು. ಇರುವವರು ಅವರು ಮತ್ತು ಒಬ್ಬ ಹುಡುಗ, ಈಗಲೇ ಟೇಬಲ್ ಮೇಲೆ ಜಾಗ ಇಲ್ಲ. ಧಾರವಾಡದ ಸುಭಾಷ ರಸ್ತೆಯಿಂದ ಒಳಗೆ ಹೋಗುವ ಓಣಿ, ಮೊದಲನೇ ಮಹಡಿ, ಕಡಿದಾದ ಮೆಟ್ಟಿಲು. ಹುಡುಕುವವರಿಗೆ ಇಷ್ಟು ಸಾಕು. ಹುಡುಕದವರಿಗೂ ಒಳ್ಳೆ ರಿಪೇರಿಯವನು ಹೇಗಿರುತ್ತಾನೆ ಅನ್ನುವುದಾದರೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿರುವುದು ಎಲ್ಲರ ಮನೆಯಲ್ಲಿರುವಂಥದ್ದೇ. ನಮ್ಮ ಮಾವನವರದು ಒಂದು ಹಳೆಯ ಡೆಸ್ಕ್‌ಟಾಪ್, ಇಂಟೆಲ್ ಆರನೇ ಜನರೇಶನ್ ಪ್ರೊಸೆಸರಿನದು. ಅವರು ನಿವೃತ್ತ ಮಾಸ್ತರರು, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುತ್ತಾರೆ. ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ ಅಂತ ಯಾರು ಕೇಳಿದರೂ ಇಲ್ಲ ಅನ್ನುವುದಿಲ್ಲ, ಬರೆದು ಕೊಡುತ್ತಾರೆ. ನನ್ನದೊಂದು ಲ್ಯಾಪ್‌ಟಾಪ್, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಮಗಳದೊಂದು ಹೊಸ ಲ್ಯಾಪ್‌ಟಾಪ್, ಒಂದು ಇಂಕ್ ಟ್ಯಾಂಕ್ ಪ್ರಿಂಟರ್, ವೈಫೈ ರೂಟರ್, ಮತ್ತೆ ಕರೆಂಟ್ ಹೋದಾಗ ಕೀಂಯ್ ಅಂತ ಒದರುವ ಯುಪಿಎಸ್. ಇವುಗಳಲ್ಲಿ ಯಾವುದಾದರೂ ಒಂದು ಸದಾ ಕೆಟ್ಟಿರುತ್ತದೆ.

ಮಾವನವರ ಡೆಸ್ಕ್‌ಟಾಪ್ ನಿಧಾನವಾಯಿತು. ಫೈಲ್ ತೆರೆಯಲು ಒತ್ತಿ ಚಹಾ ಕುಡಿದು ಬಂದರೂ ಆ ನೀಲಿ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಗೆ ಒಯ್ದೆವು. ಎಸಿ ಇದೆ, ಟೋಕನ್ ಇದೆ, ಕೌಂಟರಿನಲ್ಲಿ ಯೂನಿಫಾರ್ಮ್ ಹಾಕಿದ ಹುಡುಗರು. ಒಬ್ಬ ಹುಡುಗ ಆನ್ ಮಾಡಿದ, ಅರ್ಧ ನಿಮಿಷ ನೋಡಿದ, “ಫಾರ್ಮ್ಯಾಟ್ ಹೊಡೀಬೇಕ್ರಿ, ಸಂಜಿಗೆ ಒಯ್ಯಿರಿ” ಅಂದ. ಅಷ್ಟೇ ಪರೀಕ್ಷೆ. ಕಂಪ್ಯೂಟರ್ ಹ್ಯಾಂಗ್ ಆಗಲಿ, ಪ್ರಿಂಟ್ ಬರದೇ ಇರಲಿ, ಸೌಂಡ್ ಹೋಗಲಿ, ನಮ್ಮ ಊರಿನ ಬಹಳಷ್ಟು ಅಂಗಡಿಗಳಲ್ಲಿ ಫಾರ್ಮ್ಯಾಟ್, ಅಂದರೆ ಇದ್ದದ್ದನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು, ಮಠದ ಅಂಗಾರ ಇದ್ದ ಹಾಗೆ, ಯಾವ ರೋಗಕ್ಕಾದರೂ ಅದೇ.

ಸಂಜೆ ತಂದು ಹಚ್ಚಿದರೆ ಡೆಸ್ಕ್‌ಟಾಪ್ ಮೇಲೆ ಇದ್ದ ಫೋಲ್ಡರುಗಳು ಒಂದೂ ಇಲ್ಲ. ಮಾವನವರು ಎಲ್ಲವನ್ನೂ ಇಡುತ್ತಿದ್ದದ್ದು ಅಲ್ಲೇ, ಕಣ್ಣೆದುರಿಗೆ. ಫೋನ್ ಮಾಡಿದರೆ “ಡಿ ಡ್ರೈವ್‌ದಾಗಿಂದು ಎಲ್ಲಾ ಹಂಗ ಐತಲ್ರಿ ಸರ್, ನಾವು ಸಿ ಅಷ್ಟ ಹೊಡದೇವಿ” ಅಂತ ಉತ್ತರ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಇರುವುದೇ ಸಿ ಡ್ರೈವಿನಲ್ಲಿ. ಅದು ದಿನಾ ಕಂಪ್ಯೂಟರ್ ಬಿಚ್ಚುವವರಿಗೆ ಗೊತ್ತಿರುತ್ತದೆ. ಎಪ್ಪತ್ತು ದಾಟಿದ ಮಾಸ್ತರರಿಗೆ ಯಾಕೆ ಗೊತ್ತಿರಬೇಕು? ಹೊಡೆಯುವ ಮೊದಲು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ಇನ್ನೊಂದು ತಮಾಷೆ. ಡಿ ಡ್ರೈವಿನಲ್ಲಿ ಉಳಿದಿದ್ದ ಹಳೆಯ ಲೇಖನ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ನಡುನಡುವೆ ಪೌಂಡ್ ಚಿಹ್ನೆ. ನುಡಿ ಬಳಸಿದವರಿಗೆ ಇದು ಗೊತ್ತು. ಹಳೆಯ ನುಡಿ ಅಕ್ಷರಗಳು ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತ ಕನ್ನಡ. ಆ ಫಾಂಟ್ ಯಂತ್ರದಲ್ಲಿ ಇಲ್ಲದಿದ್ದರೆ “ನ” ಇರಬೇಕಾದಲ್ಲಿ ಪೌಂಡ್ ಕಾಣುತ್ತದೆ. ವಿಂಡೋಸ್ ಹೊಸದಾಗಿ ಹಾಕಿದ ಹುಡುಗ ಆಟಗಳನ್ನೂ ಎರಡು ವಿಡಿಯೋ ಪ್ಲೇಯರುಗಳನ್ನೂ ಹಾಕಿ ಕೊಟ್ಟಿದ್ದ, ನುಡಿ ಮಾತ್ರ ಹಾಕಿರಲಿಲ್ಲ. ಧಾರವಾಡದಲ್ಲಿ! ಮಾವನವರು ಆವತ್ತು ರಾತ್ರಿ ಊಟಕ್ಕೆ ಸರಿಯಾಗಿ ಕೂರಲಿಲ್ಲ.

ಪಕ್ಕದ ಮನೆಯವರು ಹೇಳಿದ ಮೇಲೆ ನಾವು ಈ ಮೆಟ್ಟಿಲು ಹತ್ತಿದ್ದು. ಅಂಗಡಿ ಅಂದರೆ ಒಂದು ಕೋಣೆ. ಗೋಡೆಗೆ ಬಿಚ್ಚಿಟ್ಟ ಮದರ್‌ಬೋರ್ಡುಗಳು, ಟೇಬಲ್ ಮೇಲೆ ಬಿಳಿ ಚಾಪೆ, ಅದರ ಮೇಲೆ ಯಾವ ತಿರುಪು ಎಲ್ಲಿಯದು ಅಂತ ಬಿಡಿಸಿ ಇಟ್ಟಿದ್ದು. ಅಂಗಡಿ ನಡೆಸುವ ಅಣ್ಣಾರು ನಮ್ಮ ಸಿಪಿಯು ನೋಡಿ ಆನ್ ಮಾಡಲೇ ಇಲ್ಲ. ಮೊದಲು ಕೇಳಿದ್ದು, “ಇದರಾಗ ಏನೇನ್ ಇತ್ರೀ ಮಾಸ್ತರ್ರ? ಎಲ್ಲೆಲ್ಲಿ ಇಟ್ಟಿದ್ರಿ?” ಆಮೇಲೆ, “ಫಾರ್ಮ್ಯಾಟ್ ಆದ ಮ್ಯಾಲ ಎಷ್ಟ್ ಬಳಸೀರಿ?” ಬಹಳ ಬಳಸಿಲ್ಲ ಅಂದಾಗ ಅವರ ಮುಖ ಸ್ವಲ್ಪ ಸಡಿಲಾಯಿತು. ಕಾರಣನೂ ಹೇಳಿದರು. ಹಳೆಯ ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಸುಮ್ನೆ ಮೇಲ್ಮೇಲಷ್ಟೇ ಫಾರ್ಮ್ಯಾಟ್ ಮಾಡಿದರೆ ಒಳಗಿನದು ಅಳಿಯುವುದಿಲ್ಲ, ಆ ಜಾಗ ಖಾಲಿ ಅಂತ ಬರೆದುಕೊಳ್ಳುತ್ತದೆ ಅಷ್ಟೇ. ಅದರ ಮೇಲೆ ಹೊಸದು ಬಂದು ಕೂತಷ್ಟೂ ಹಳೆಯದು ಹೋಗುತ್ತದೆ. ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಹೊಸ ಬಗೆಯ ಡಿಸ್ಕ್) ಆಗಿದ್ದರೆ ಕಥೆ ಬೇರೆ, ಅಳಿಸಿದ ಜಾಗವನ್ನು ಅದು ತಾನೇ ಒಳಗೊಳಗೆ ತೊಳೆದುಬಿಡುತ್ತದೆ, ಆಮೇಲೆ ಏನೂ ಸಿಗುವುದು ಕಷ್ಟ.

“ಎಲ್ಲಾ ಸಿಗೂದಿಲ್ರಿ. ಸಿಕ್ಕಷ್ಟ ತೋರಸ್ತೀನಿ, ನೀವ್ ನೋಡಿ ಹೌದಂದ್ರ ರೊಕ್ಕ ಕೊಡ್ರಿ” ಅಂದರು. ಡಿಸ್ಕ್ ಬಿಚ್ಚಿ ತಮ್ಮ ಯಂತ್ರಕ್ಕೆ ಹಚ್ಚಿದರು, ಅದರಲ್ಲಿ ಏನೂ ಬರೆಯದ ಹಾಗೆ, ಬರೀ ಓದುವ ಹಾಗೆ.

ಸಿಕ್ಕಿದ ಫೈಲುಗಳಿಗೆ ಹೆಸರು ಇರಲಿಲ್ಲ. ಹೆಸರು, ಫೋಲ್ಡರು ಬರೆದಿಡುವ ಪಟ್ಟಿ ಹೋಗಿದ್ದರಿಂದ ಬರೀ ನಂಬರ್ ಹಚ್ಚಿದ ಫೈಲುಗಳು, ನೂರಾರು. ನುಡಿ ಹಾಕಿದ ಮೇಲೆ ಮಾವನವರು ಅಂಗಡಿಯ ಸ್ಟೂಲ್ ಮೇಲೆ ಕೂತರು. ಒಂದೊಂದು ಫೈಲ್ ತೆರೆದು ಮೊದಲ ಸಾಲು ಓದುವುದು, “ಇದು ನಂದಲ್ಲ, ಇದು ವಿದ್ಯುತ್ ಬಿಲ್ಲು, ಹಾಂ ಇದು ನಂದು” ಅನ್ನುವುದು. ಅಂಗಡಿಯ ಹುಡುಗ ಪಕ್ಕದಲ್ಲಿ ಕೂತು ಹೆಸರು ಟೈಪ್ ಮಾಡುವುದು. ನಡುವೆ ಚಹಾ ಬಂತು. ಬೇರೆ ಗಿರಾಕಿಗಳು ಬಂದು ಹೋದರು, ಯಾರೂ ಇವರನ್ನು ಏಳಿಸಲಿಲ್ಲ. ಬಹುಪಾಲು ಲೇಖನಗಳು ಸಿಕ್ಕವು. ಕೆಲವು ಅರ್ಧಕ್ಕೇ ನಿಂತಿದ್ದವು, ಕೆಲವು ಹೋಗೇ ಹೋದವು. ಹೋದದ್ದು ಹೋಯಿತು ಅಂತ ನೇರವಾಗಿ ಹೇಳಿದರು, ಬೆಂಗಳೂರಿಗೆ ಕಳಿಸಿದರೆ ಬರುತ್ತೆ ಅಂತ ಸುಮ್ಮನೆ ಆಸೆ ಹಚ್ಚಲಿಲ್ಲ.

ಆಮೇಲೆ ಅವರು ತೋರಿಸಿದ್ದು ನನಗೆ ಇನ್ನೂ ಮುಖ್ಯ ಅನಿಸಿತು. ಡಿಸ್ಕಿನ ಆರೋಗ್ಯ ತೋರಿಸುವ ಒಂದು ಉಚಿತ ಸಾಫ್ಟ್‌ವೇರ್ ಇದೆ, ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ. ಅದನ್ನು ತೆರೆದು ಸ್ಕ್ರೀನ್ ನಮ್ಮ ಕಡೆ ತಿರುಗಿಸಿದರು. ಸರಿ ಇದ್ದರೆ ನೀಲಿ, ಅನುಮಾನ ಇದ್ದರೆ ಹಳದಿ, ಕೆಟ್ಟರೆ ಕೆಂಪು. ನಮ್ಮದು ಹಳದಿ. ಕೆಳಗೆ 05 ಅನ್ನುವ ಸಾಲು, ಕೆಟ್ಟುಹೋಗಿ ಬೇರೆ ಕಡೆ ಸ್ಥಳಾಂತರವಾದ ಜಾಗಗಳ ಲೆಕ್ಕ. ಅದರ ಕೆಳಗೆ ಸಿ5, ಓದಲು ಆಗದೆ ತೂಗಾಡುತ್ತಿರುವ ಜಾಗಗಳು. ಎರಡರಲ್ಲೂ ಸೊನ್ನೆ ಇರಬೇಕು. ನಮ್ಮದರಲ್ಲಿ ಇರಲಿಲ್ಲ. “ಇದು ಫಾರ್ಮ್ಯಾಟ್‌ಗೆ ಹೋಗೂ ಬ್ಯಾನಿ ಅಲ್ರಿ. ಇನ್ನೊಂದಿಷ್ಟ್ ದಿವಸದಾಗ ಮತ್ತ ಹಂಗ ನಿಂತಿರ್ತಿತ್ತು” ಅಂದರು. ಅಂದರೆ ಆ ದೊಡ್ಡ ಅಂಗಡಿಯಲ್ಲಿ ಮಾಡಿದ ಕೆಲಸದಿಂದ ಫೈಲು ಹೋದವು, ಕಾಯಿಲೆ ಹಾಗೇ ಉಳಿಯಿತು. ಎರಡು ನಿಮಿಷದ ಪರೀಕ್ಷೆ ಇದು. ನೀವೂ ಮನೆಯಲ್ಲಿ ಮಾಡಬಹುದು. ಯಾರಾದರೂ “ಸ್ಲೋ ಆಗೈತಿ, ಫಾರ್ಮ್ಯಾಟ್” ಅಂದರೆ, ಡಿಸ್ಕ್ ನೋಡಿದ್ರೇನ್ರಿ ಅಂತ ಒಂದು ಮಾತು ಕೇಳಿ. ಆಗ ಅವರ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಎಸ್‌ಎಸ್‌ಡಿ ಹಾಕಿಸಿದೆವು. ಯಾವ ಕಂಪನಿಯದು, ಎಷ್ಟು ವರ್ಷ ವಾರಂಟಿ ಅಂತ ಡಬ್ಬಿ ತೋರಿಸಿ, ಆ ಡಬ್ಬಿನೂ ಕೊಟ್ಟರು. ಕೆಟ್ಟ ಡಿಸ್ಕನ್ನು ಕವರಿಗೆ ಹಾಕಿ ಮಾವನವರ ಕೈಯಲ್ಲಿಟ್ಟರು. ಹಳೆಯ ಸಾಮಾನು ವಾಪಸ್ ಕೊಡುವ ಈ ಪದ್ಧತಿ ಎಲ್ಲ ಕಡೆ ಇಲ್ಲ, ಕೇಳಿದರೆ “ಅದೇನ್ ಮಾಡ್ತೀರಿ ಬಿಡ್ರಿ” ಅನ್ನುತ್ತಾರೆ. ಹಾಳಾದ ಡಿಸ್ಕಿನಲ್ಲೂ ನಮ್ಮ ಫೋಟೋ, ಬ್ಯಾಂಕ್ ಕಾಗದ ಇರುತ್ತವೆ ಅಲ್ವಾ. ಬಿಟ್ಟು ಬರಬಾರದು.

ಇನ್ನು ವಿಂಡೋಸ್ ವಿಷಯ. ನಮ್ಮ ಊರಿನಲ್ಲಿ ವಿಂಡೋಸ್ ಹಾಕುವುದು ಅಂದರೆ ಪೆನ್‌ಡ್ರೈವಿನಲ್ಲಿರುವ ಕ್ರ್ಯಾಕ್, ಅಂದರೆ ದುಡ್ಡು ಕೊಡದ ನಕಲಿ ವಿಂಡೋಸ್, ಹಾಕುವುದು ಅಂತಲೇ ಅರ್ಥ. ಅದು ಓಡಲು ವಿಂಡೋಸ್ ಜೊತೆಗೇ ಬರುವ, ವೈರಸ್ ತಡೆಯುವ ಡಿಫೆಂಡರ್ ಆಫ್ ಮಾಡಬೇಕು. ಹಾಗೆ ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡುವ ಗೋಜಿಗೆ ಯಾರೂ ಹೋಗುವುದಿಲ್ಲ, ಬದಲಿಗೆ ಅದರ ಮೇಲೊಂದು ಆಂಟಿವೈರಸ್ ಮಾರುತ್ತಾರೆ. ಈ ಅಣ್ಣಾರು ಕ್ರ್ಯಾಕ್ ಹಾಕುವುದಿಲ್ಲ. ನಮ್ಮ ಯಂತ್ರದಲ್ಲಿ ಮೊದಲಿನಿಂದ ಅಸಲಿ ವಿಂಡೋಸ್ 10 ಇದ್ದದ್ದರಿಂದ ಅದೇ ಎಡಿಷನ್ ಮತ್ತೆ ಹಾಕಿ ನೆಟ್ ಕೊಟ್ಟ ಕೂಡಲೇ ತಾನೇ ಆಕ್ಟಿವೇಟ್ ಆಯಿತು. ಮೊದಲಿನ ಹುಡುಗ ಇದು ಗೊತ್ತಿಲ್ಲದೇ ಅಸಲಿ ಇದ್ದಲ್ಲಿ ನಕಲಿ ಹಾಕಿದ್ದ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕಂದರೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಯಂತ್ರದಲ್ಲಿ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ನಿನಿಂದ ಮೇಲಿನದು ಬೇಕು. ನಮ್ಮದು ಆರನೆಯದು. ಬೇರೆ ಒಂದು ಕಡೆ ವಿಚಾರಿಸಿದಾಗ ಎರಡು ಸಲಹೆ ಸಿಕ್ಕಿದ್ದವು: ಹೊಸ ಕಂಪ್ಯೂಟರ್ ತಗೊಳ್ಳಿ, ಇಲ್ಲಾ ಅಡ್ಡದಾರಿಯಲ್ಲಿ ಹನ್ನೊಂದು ಹಾಕಿ ಕೊಡುತ್ತೇವೆ. ಇಲ್ಲಿ ಸಿಕ್ಕಿದ್ದು ಮೂರನೆಯದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಬರುವ ಒಂದು ಯೋಜನೆ ಇತ್ತು, ಅದಕ್ಕೆ ಸೇರಿಸಿ ಕೊಟ್ಟರು. “ಮಾಸ್ತರ್ರು ಟೈಪ್ ಮಾಡೂದು ಅಷ್ಟ ಐತಿ, ಈಗ ಇದಕ್ಕ ಹೊಸಾದು ಬ್ಯಾಡ. ಬ್ಯಾಂಕಿಂದು ಮಾತ್ರ ಇದರಾಗ ಮಾಡಬ್ಯಾಡ್ರಿ” ಅಂದರು. ಮಾರಾಟ ಮಾಡಬಹುದಾದ ಜಾಗದಲ್ಲಿ ಬೇಡ ಅಂದವರ ಮಾತಿನ ಮೇಲೆ ನನಗೆ ನಂಬಿಕೆ ಬಂದದ್ದು ಇಲ್ಲಿಂದ. ಜೊತೆಗೆ ಸಿಕ್ಕ ಲೇಖನಗಳನ್ನೆಲ್ಲ ಯೂನಿಕೋಡಿಗೆ ಬದಲಾಯಿಸಿ ಒಂದು ಪ್ರತಿ ಇಟ್ಟುಕೊಳ್ಳುವುದನ್ನು ಮಾವನವರಿಗೆ ಕಲಿಸಿದ್ದು ಆ ಹುಡುಗ. ಈಗ ಅವರು ಲೇಖನ ವಾಟ್ಸಾಪಿನಲ್ಲೇ ಕಳಿಸುತ್ತಾರೆ, ನಮಗೆಲ್ಲ ಓದುವ ಶಿಕ್ಷೆ.

ಮಗಳ ಲ್ಯಾಪ್‌ಟಾಪಿನದು ಬೇರೆಯೇ ಪ್ರಕರಣ. ಯಂತ್ರ ಶುರು ಮಾಡುವ ಒಳಗಿನ ಸಾಫ್ಟ್‌ವೇರ್ ಬಯಾಸ್ ಅಪ್‌ಡೇಟ್ ಆಗಿ ಮರುದಿನ ಆನ್ ಮಾಡಿದರೆ ನೀಲಿ ಪರದೆ, ಬಿಟ್‌ಲಾಕರ್ ರಿಕವರಿ ಕೀ ಹಾಕು ಅಂತ. ನಾವು ಬಿಟ್‌ಲಾಕರ್ ಅಂತ ಹೆಸರೇ ಕೇಳಿರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು, ಪ್ರಾಜೆಕ್ಟ್ ರಿಪೋರ್ಟ್ ಒಳಗಿತ್ತು. ಅವಳ ಹಾಸ್ಟೆಲ್ ಹತ್ತಿರದ ಅಂಗಡಿಯಲ್ಲಿ ಕೇಳಿದ್ದಕ್ಕೆ ಅದೇ ಹಾಡು, “ಫಾರ್ಮ್ಯಾಟ್ ಬಿಟ್ರ ಹಾದಿ ಇಲ್ಲ”. ಅಳುತ್ತಾ ಫೋನ್ ಮಾಡಿದಳು. ನಾನು ಅಣ್ಣಾರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ, “ಹೊಸಾದು ತಂದಾಗ ಮೊದಲ ಸಲ ಯಾವ ಈಮೇಲ್ ಹಾಕಿದ್ರಿ?” ಈಗಿನ ಬಹಳಷ್ಟು ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದ ಕೂಡಲೇ ಡಿಸ್ಕಿಗೆ ಬೀಗ ಬೀಳುತ್ತದೆ, ನಮಗೆ ಗೊತ್ತಾಗುವುದೇ ಇಲ್ಲ. ಬೀಗದ ಕೀ, 48 ಅಂಕಿಗಳದ್ದು, ಅದೇ ಖಾತೆಯಲ್ಲಿ ಇರುತ್ತದೆ. ಮಗಳು ಮೊಬೈಲಿನಲ್ಲಿ ಆ ಖಾತೆ ತೆರೆದು, ಡಿವೈಸಸ್ ಅನ್ನುವಲ್ಲಿ ಹೋಗಿ, ಅಂಕಿ ನೋಡಿ ನೋಡಿ ಒತ್ತಿದಳು. ತೆರೆಯಿತು. ದುಡ್ಡು ಎಷ್ಟು ಅಂದರೆ “ಫೋನಿನಾಗ ಹೇಳಿದ್ದಕ್ಕ ಏನ್ ರೊಕ್ಕ ತಗೋಳೂದ್ರಿ ಅಕ್ಕಾರ” ಅಂದರು. ಈ ಲೇಖನ ಓದಿದವರು ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಇದ್ದರೆ ಆ 48 ಅಂಕಿಗಳನ್ನು ಒಂದು ಹಾಳೆ ಮೇಲೆ ಬರೆದಿಟ್ಟುಕೊಳ್ಳಿ. ಆ ಈಮೇಲಿನ ಪಾಸ್‌ವರ್ಡ್ ಮರೆತು ಮತ್ತೆ ಹೊಸದು ಮಾಡಿಕೊಳ್ಳಲೂ ಆಗದಿದ್ದರೆ, ಕೀ ಬೇರೆಲ್ಲೂ ಇಲ್ಲದಿದ್ದರೆ, ಒಳಗಿನ ಫೈಲುಗಳನ್ನು ಯಾರೂ ತೆಗೆದುಕೊಡಲಾರರು, ಮೈಕ್ರೋಸಾಫ್ಟಿನವರೂ ಸೇರಿ.

ಅದೇ ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿ ಒಂದೆರಡು ಅಕ್ಷರ ನಿಂತಾಗ ಅಂಗಡಿಗೆ ಒಯ್ದೆ. ಬಿಚ್ಚಲೇ ಇಲ್ಲ. “ವಾರಂಟಿ ಐತ್ರಿ. ನಾ ಬಿಚ್ಚಿದ್ರ ಅವರು ನೆಪ ಹೇಳ್ತಾರ. ಹುಬ್ಬಳ್ಳಿ ಸರ್ವಿಸ್ ಸೆಂಟರಿಗೆ ಒಯ್ಯಿರಿ.” ಅಧಿಕೃತ ಸರ್ವಿಸ್ ಸೆಂಟರುಗಳ ಬಗ್ಗೆ ನನಗೆ ಪೂರ್ತಿ ಸಿಟ್ಟೂ ಇಲ್ಲ, ಪೂರ್ತಿ ಪ್ರೀತಿಯೂ ಇಲ್ಲ. ವಾರಂಟಿ ಇರುವ ತನಕ ಅಲ್ಲಿಗೇ ಹೋಗಬೇಕು, ಸಾಮಾನು ಅಸಲಿ ಹಾಕುತ್ತಾರೆ, ಜಾಬ್ ಶೀಟ್ ಕೊಡುತ್ತಾರೆ. ಆದರೆ ಡಾಟಾ ಹೋದರೆ ನಾವು ಜವಾಬ್ದಾರರಲ್ಲ ಅಂತ ಸಹಿ ಮಾಡಿಸಿಕೊಳ್ಳುತ್ತಾರೆ. ವಾರಂಟಿ ಮುಗಿದ ಮೇಲಂತೂ ಬೋರ್ಡಿನಲ್ಲಿ ಕಾಳಿನಷ್ಟು ಭಾಗ ಸುಟ್ಟಿದ್ದರೂ ಪೂರ್ತಿ ಬೋರ್ಡ್ ಬದಲಿಸುವ ಲೆಕ್ಕವನ್ನೇ ಕೊಡುತ್ತಾರೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಒಂದು ಕಡೆ ಹಾಗೇ ಹೇಳಿದ್ದರು, ಆ ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಬರುತ್ತಿತ್ತು. ನಮ್ಮ ಅಣ್ಣಾರು ಚಿಪ್ ಕೆಲಸ ತಮಗೆ ಪೂರ್ತಿ ಬರುವುದಿಲ್ಲ ಅಂತ ಹೇಳಿ ಹುಬ್ಬಳ್ಳಿಯಲ್ಲಿ ಅದನ್ನೇ ಮಾಡುವವರೊಬ್ಬರಿಗೆ ಕಳಿಸಿದರು, ಸುಟ್ಟ ಭಾಗ ಬದಲಾಗಿ ಬಂತು. ತಮಗೆ ಏನು ಬರುವುದಿಲ್ಲ ಅಂತ ಹೇಳುವ ರಿಪೇರಿಯವರನ್ನು ನಾನು ಮೊದಲ ಸಲ ನೋಡಿದ್ದು ಆವತ್ತೇ.

ಮನೆಗೂ ಬರುತ್ತಾರೆ, ಆದರೆ ಸುಲಭಕ್ಕಲ್ಲ. ಮಾಳಮಡ್ಡಿಯ ನಮ್ಮದು ಹಳೆಯ ಮನೆ, ಗೋಡೆ ಮೊಳಕ್ಕೂ ದಪ್ಪ. ವೈಫೈ ಪಡಸಾಲೆ ದಾಟುತ್ತಿರಲಿಲ್ಲ. ನೆಟ್ ಕಂಪನಿಯವರಿಗೆ ಹೇಳಿದರೆ ದೊಡ್ಡ ಪ್ಲಾನ್ ತಗೊಳ್ಳಿ ಅಂದರು. ಇವರು ಬಂದು ರೂಟರನ್ನು ಟಿವಿ ಹಿಂದಿನ ಮೂಲೆಯಿಂದ ತೆಗೆದು ನಡುಮನೆಯ ಬಾಗಿಲ ಮೇಲೆ ಹಾಕಿಸಿದರು. 5 ಗಿಗಾಹರ್ಟ್ಸ್ ವೇಗ ಜಾಸ್ತಿ ಆದರೆ ಗೋಡೆ ದಾಟುವುದಿಲ್ಲ, 2.4 ನಿಧಾನ ಆದರೆ ದಾಟುತ್ತದೆ, ಹಿಂದಿನ ಕೋಣೆಯ ಫೋನುಗಳು 2.4ರಲ್ಲಿ ಇರಲಿ ಅಂದರು. ಪ್ಲಾನ್ ಹಾಗೇ ಇದೆ, ನೆಟ್ ಅಡುಗೆ ಮನೆಗೂ ಬರುತ್ತದೆ. ಇನ್ನೊಂದನ್ನೂ ಹೇಳಿಕೊಟ್ಟರು. ಫೈಬರ್ ಡಬ್ಬಿಯಲ್ಲಿ ಎಲ್‌ಓಎಸ್ ಅಂತ ಬರೆದ ದೀಪ ಕೆಂಪಾಗಿದ್ದರೆ ಬೆಳಕು ಡಬ್ಬಿಗೇ ಬರುತ್ತಿಲ್ಲ, ತಂತಿ ಎಲ್ಲೋ ಕಡಿದಿದೆ ಇಲ್ಲಾ ಮಡಚಿದೆ. ಆಗ ನನ್ನನ್ನು ಕರೆಯಬೇಡಿ, ನೆಟ್ ಕಂಪನಿಗೆ ಫೋನ್ ಮಾಡಿ ಅಂದರು. ರಸ್ತೆ ಅಗೆಯುವುದು ನಮ್ಮಲ್ಲಿ ನಿತ್ಯದ ಕೆಲಸ ಆದ್ದರಿಂದ ಆ ಕೆಂಪು ದೀಪದ ಪರಿಚಯ ನಮಗೆ ಚೆನ್ನಾಗಿದೆ.

ಆವತ್ತೇ ಸಿಪಿಯು ಮುಟ್ಟಿ “ಜುಂ ಅಂತೈತಲ್ರಿ” ಅಂದರು. ನಮಗೂ ಜುಂ ಅನ್ನುತ್ತಿತ್ತು, ಎಲ್ಲ ಕಂಪ್ಯೂಟರೂ ಹಾಗೇ ಅಂದುಕೊಂಡಿದ್ದೆವು. ಪ್ಲಗ್ಗಿನ ಮೂರನೇ ತೂತಿಗೆ ಅರ್ಥಿಂಗ್ ತಂತಿಯೇ ಇರಲಿಲ್ಲ, ಹಳೆಯ ಮನೆಗಳಲ್ಲಿ ಇದು ಬಹಳ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸುವ ತನಕ ಹೊಸ ಸಾಮಾನು ಹಾಕಬೇಡಿ ಅಂದರು. ಯುಪಿಎಸ್ ಕರೆಂಟ್ ಹೋದ ಕ್ಷಣವೇ ನಿಲ್ಲುತ್ತಿದ್ದದ್ದು ಬ್ಯಾಟರಿ ಮುಗಿದಿದ್ದರಿಂದ. ಒಳಗಿರುವುದು 12 ವೋಲ್ಟಿನ ಚಿಕ್ಕ ಬ್ಯಾಟರಿ, ಅದನ್ನಷ್ಟೇ ಬದಲಿಸಿದರು, ಯುಪಿಎಸ್ ಹಳೆಯದೇ. ಹೆಸ್ಕಾಂ ಕರೆಂಟ್ ಆಡುವ ಆಟಕ್ಕೆ, ಅದರಲ್ಲೂ ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ, ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ರೂಟರಿನದೂ.

ಪ್ರಿಂಟರಿಗೆ ಮಾತ್ರ ಈ ಅಂಗಡಿಗೆ ಅಂಕ ಕೊಡಲಾರೆ. ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ ಶಾಯಿ ಉಗುಳುವ ಹೆಡ್ ತೊಳೆದಾಗ ಹರಿಯುವ ಶಾಯಿ ಒಂದು ಸ್ಪಂಜಿಗೆ ಹೋಗುತ್ತದೆ. ಅಲ್ಲಿಗೆ ಎಷ್ಟು ಶಾಯಿ ಹೋಯಿತು ಅಂತ ಪ್ರಿಂಟರ್ ಇಡುವ ಲೆಕ್ಕ ತುಂಬಿದಾಗ ದೀಪಗಳು ಮಿಣಮಿಣ ಅಂದು ಪ್ರಿಂಟರ್ ನಿಲ್ಲುತ್ತದೆ. ಲೆಕ್ಕವನ್ನು ಸಾಫ್ಟ್‌ವೇರಿನಿಂದ ಸೊನ್ನೆ ಮಾಡಬಹುದು, ಆದರೆ ಸ್ಪಂಜೂ ಬದಲಿಸಬೇಕು, ಇಲ್ಲದಿದ್ದರೆ ಶಾಯಿ ಕೆಳಗೆ ಸೋರುತ್ತದೆ. ಇವರು ಪ್ರಿಂಟರ್ ಮುಟ್ಟುವುದೇ ಇಲ್ಲ, ಕಂಪನಿ ಸೆಂಟರಿಗೆ ಕಳಿಸಿದರು.

ಆ ಕಂಪನಿ ಸೆಂಟರಿನ ನಂಬರ್ ಹುಡುಕುವಾಗ ನಮ್ಮ ಸಂಬಂಧಿಕರೊಬ್ಬರು ಸಿಕ್ಕಿಬೀಳುವುದರಲ್ಲಿದ್ದರು. ನೆಟ್ಟಿನಲ್ಲಿ ಪ್ರಿಂಟರ್ ಹೆಸರು ಹಾಕಿ ಕಸ್ಟಮರ್ ಕೇರ್ ಅಂತ ಹುಡುಕಿದರೆ ಮೇಲೆ ಬಂದ ನಂಬರ್ ಕಂಪನಿಯದ್ದಾಗಿರಲಿಲ್ಲ. ಆ ಕಡೆಯವನು ಸಿಹಿಯಾಗಿ ಹಿಂದಿಯಲ್ಲಿ ಮಾತಾಡಿದ, ದೂರದಿಂದಲೇ ನಮ್ಮ ಸ್ಕ್ರೀನ್ ನೋಡಲು ಬಿಡುವ ಎನಿಡೆಸ್ಕ್ ಹಾಕಿಕೊಳ್ಳಿ ಅಂದ, ರಿಜಿಸ್ಟ್ರೇಶನ್‌ಗೆ ಬರೀ ಹತ್ತು ರೂಪಾಯಿ ಕಳಿಸಿ ಅಂದ. ಹತ್ತು ರೂಪಾಯಿ ಅಲ್ಲ ಅವನಿಗೆ ಬೇಕಾದದ್ದು, ಕಳಿಸುವಾಗ ನಮ್ಮ ಸ್ಕ್ರೀನ್ ನೋಡುವುದು ಬೇಕು. ಅವರ ಮಗ ಪಕ್ಕದಲ್ಲಿದ್ದು ಫೋನ್ ಕಿತ್ತುಕೊಂಡ, ಬಚಾವಾದರು. ಕಂಪನಿ ನಂಬರ್ ಬೇಕಾದರೆ ವಾರಂಟಿ ಕಾರ್ಡಿನಲ್ಲಿ, ಡಬ್ಬಿಯ ಮೇಲೆ, ಇಲ್ಲಾ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ನೋಡಬೇಕು. “ನಿಮ್ಮ ಕಂಪ್ಯೂಟರಿಗೆ ವೈರಸ್, ಈ ನಂಬರಿಗೆ ಕರೆ ಮಾಡಿ” ಅಂತ ಸ್ಕ್ರೀನ್ ತುಂಬ ಬಂದು ಕೂಗಿದರೆ ಅದು ಮೋಸ, ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದಿಲ್ಲ. ದುಡ್ಡು ಹೋಗೇಬಿಟ್ಟರೆ ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತದೆ.

ನಮ್ಮ ಅಣ್ಣಾರೂ ಕೆಲವೊಮ್ಮೆ ದೂರದಿಂದಲೇ ಸ್ಕ್ರೀನ್ ನೋಡಿ ಸರಿ ಮಾಡುತ್ತಾರೆ. ಆದರೆ ನಾವು ಕರೆದಾಗ ಮಾತ್ರ. “ಬ್ಯಾಂಕಿಂದು ಏನರ ತೆರದಿದ್ರ ಮುಚ್ಚರಿ” ಅಂತ ಮೊದಲು ಹೇಳುತ್ತಾರೆ, ಮುಗಿದ ಮೇಲೆ ಆ ಸಾಫ್ಟ್‌ವೇರ್ ತೆಗೆಸುತ್ತಾರೆ. ಅಂಗಡಿಯಲ್ಲಿ ಯಂತ್ರ ಬಿಡುವಾಗಲೂ ನಮ್ಮ ಪಾಸ್‌ವರ್ಡ್ ಕೇಳುವುದಿಲ್ಲ, ಬೇಕೇ ಬೇಕಾದರೆ ಬೇರೆ ಯೂಸರ್ ಮಾಡಿಸಿ ಕೊಡಿ ಅನ್ನುತ್ತಾರೆ. ಹೆಣ್ಣುಮಕ್ಕಳು ಇರುವ ಮನೆಯವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ದೋಷಗಳು ಇಲ್ಲ ಅಂತಲ್ಲ. ಇವರ ನಾಳೆ ಅನ್ನುವ ನಾಳೆ ಬೇಗ ಬರುವುದಿಲ್ಲ. ಮಧ್ಯಾಹ್ನದ ಮೇಲೆ ಫೋನ್ ಎತ್ತುವುದಿಲ್ಲ, ವಾಟ್ಸಾಪ್ ನೋಡಿದ್ದಕ್ಕೆ ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ. ಮೆಟ್ಟಿಲು ಮೊದಲೇ ಹೇಳಿದೆ, ಮೊಣಕಾಲು ನೋವಿನವರು ಕೆಳಗೆ ನಿಂತು ಫೋನ್ ಮಾಡಿದರೆ ಹುಡುಗ ಇಳಿದು ಬಂದು ಒಯ್ಯುತ್ತಾನೆ. ಬಿಲ್ ತಾವಾಗಿ ಕೊಡುವುದಿಲ್ಲ, ಕೇಳಿದರೆ ಕೊಡುತ್ತಾರೆ. ಕೇಳಿ, ಯಾಕಂದರೆ ಹಾಕಿದ ಸಾಮಾನು ಕೆಟ್ಟರೆ ವಾರಂಟಿಗೆ ಅದೇ ಬೇಕು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುವ ಪರಿಸ್ಥಿತಿ ಬಂದರೂ, ಇಲ್ಲಿ ಅಂತಲ್ಲ ಯಾವ ಅಂಗಡಿಯಾದರೂ ಸರಿ, ಕೈಯಲ್ಲಿ ಕಾಗದ ಇರಬೇಕು. ಆಪಲ್ ಯಂತ್ರಗಳನ್ನು ಮುಟ್ಟುವುದಿಲ್ಲ, ಮೊಬೈಲೂ ಇಲ್ಲ.

ದರ ಅಗ್ಗ ಅಂತ ಹೇಳಲಾರೆ, ಹೇಳಿದ ದರ ಬದಲಾಗುವುದಿಲ್ಲ ಅಂತ ಹೇಳಬಲ್ಲೆ. ನೋಡುವುದಕ್ಕೆ 200, ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಮನೆಗೆ ಬಂದರೆ 400. ಹೊಸ ಸಾಮಾನು ಹಾಕುವ ಮೊದಲು ಫೋನ್ ಮಾಡಿ ಕೇಳುತ್ತಾರೆ, ಕೇಳದೇ ಹಾಕಿದ್ದು ಇಲ್ಲ. ಕಂಪ್ಯೂಟರಿನ ಗಡಿಯಾರ ಪದೇ ಪದೇ ಹಿಂದೆ ಹೋಗಿ ವೆಬ್‌ಸೈಟುಗಳೆಲ್ಲ ಸುರಕ್ಷಿತವಲ್ಲ ಅಂತ ತೋರಿಸುತ್ತಿದ್ದಾಗ ಒಳಗಿನ ನಾಣ್ಯದಂಥ ಸೆಲ್ ಬದಲಿಸಿದರು, ಸಿಆರ್2032 ಅಂತ ಅದರ ನಂಬರ್. ಸೆಲ್ಲಿನ ದುಡ್ಡಷ್ಟೇ ತಗೊಂಡರು. ಅದೇ ಲಕ್ಷಣಕ್ಕೆ ಮದರ್‌ಬೋರ್ಡ್ ಹೋಗಿದೆ ಅಂತ ಹೇಳಿಸಿಕೊಂಡು ಬಂದವರನ್ನು ನಾನು ಅದೇ ಸ್ಟೂಲಿನ ಮೇಲೆ ಕೂತಾಗ ನೋಡಿದ್ದೇನೆ.

ಹೋಗುವವರು ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ, ಆಗ ಗಿರಾಕಿ ಕಡಿಮೆ, ಅಣ್ಣಾರು ಮಾತಿಗೆ ಸಿಗುತ್ತಾರೆ. ರವಿವಾರ ಬಂದ್. ಹುಬ್ಬಳ್ಳಿಯಿಂದ ಬರುವುದಾದರೆ ಚಿಗರಿ ಬಸ್ಸಿಗೆ ಬನ್ನಿ, ಸುಭಾಷ ರಸ್ತೆಯಲ್ಲಿ ಕಾರ್ ನಿಲ್ಲಿಸಲು ಜಾಗ ಸಿಗುವುದಿಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಒಯ್ಯಲೇಬೇಕು. ಅರ್ಧ ದೂರುಗಳು ಡೂಪ್ಲಿಕೇಟ್ ಚಾರ್ಜರಿನಿಂದಲೇ ಬರುತ್ತವೆ ಅನ್ನುವುದು ಅವರ ನಂಬಿಕೆ, ಚಾರ್ಜರ್ ಇಲ್ಲದೆ ಬಂದವರನ್ನು ಮೆಟ್ಟಿಲ ಹತ್ತಿರವೇ ನಿಲ್ಲಿಸಿ ವಾಪಸ್ ಕಳಿಸುತ್ತಾರೆ.